‘ಆಫ್ರಿಕನ್’ ಅನ್ನುವ ಒಂದೇ ಸಾಲು

ಔಷಧಶಾಸ್ತ್ರ ಕಲಿಸುವಾಗ ನನಗೆ ಬಹಳ ಬೇಸರ ತರುವ ಒಂದು ಪಟ್ಟಿ ಇದೆ. ಔಷಧವನ್ನು ಬೇಗ ಇಲ್ಲವೇ ನಿಧಾನವಾಗಿ ಕರಗಿಸುವ ಜೀನ್ ಯಾವ ಜನರಲ್ಲಿ ಎಷ್ಟು ಅಂತ ಹೇಳುವ ಪಟ್ಟಿ. ಯುರೋಪಿಯನ್, ಏಷ್ಯನ್, ಆಫ್ರಿಕನ್ ಅಂತ ಮೂರು ಸಾಲು. ಆಫ್ರಿಕನ್ ಸಾಲಿನ ಮುಂದೆ ಒಂದೇ ಒಂದು ಅಂಕಿ. ವಿದ್ಯಾರ್ಥಿಗಳು ಅದನ್ನೇ ಬಾಯಿಪಾಠ ಮಾಡುತ್ತಾರೆ. ಆದರೆ ಜಗತ್ತಿನಲ್ಲಿ ಮನುಷ್ಯರ ಜೀನ್‌ಗಳು ಅತಿ ಜಾಸ್ತಿ ಬಗೆಯಲ್ಲಿ ಕಾಣುವುದು ಆಫ್ರಿಕಾದಲ್ಲೇ ಅಲ್ವಾ? ಅವರನ್ನೆಲ್ಲ ಒಂದು ಸಾಲಿಗೆ ತುರುಕುವುದು ಹೇಗೆ?

ಕೊಡೀನ್ ತೆಗೆದುಕೊಳ್ಳಿ. ಕೆಮ್ಮಿನ ಸಿರಪ್‌ನಲ್ಲಿ, ನೋವಿನ ಮಾತ್ರೆಯಲ್ಲಿ ಬಳಸುವ ಔಷಧ. ಲಿವರ್‌ನಲ್ಲಿರುವ ಸಿವೈಪಿ2ಡಿ6 ಎಂಬ ಕಿಣ್ವ ಅದರ ಒಂದಷ್ಟು ಪಾಲನ್ನು ಮಾರ್ಫಿನ್ ಆಗಿ ಬದಲಿಸುತ್ತದೆ. ನೋವು ಇಳಿಯುವುದು ಮುಖ್ಯವಾಗಿ ಆ ಮಾರ್ಫಿನ್‌ನಿಂದ. ಈ ಕಿಣ್ವದ ಜೀನ್ ಸಾಮಾನ್ಯವಾಗಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಥಿಯೋಪಿಯಾದ ಶೇ. 29ರಷ್ಟು ಜನರಲ್ಲಿ ಈ ಜೀನ್‌ನ ಹೆಚ್ಚುವರಿ ಪ್ರತಿಗಳು ಕಂಡವು. ಅಂಥವರಲ್ಲಿ ಕಿಣ್ವವೂ ಹೆಚ್ಚಾಗಿ, ಮಾಮೂಲಿ ಡೋಸಿಗೇ ಮಾರ್ಫಿನ್ ಮಿತಿಮೀರಬಹುದು. ಮಗುವಾದರೆ ಉಸಿರೇ ನಿಲ್ಲುವ ಅಪಾಯ. 2015ರಲ್ಲಿ ಇಥಿಯೋಪಿಯಾ ಕೊಡೀನನ್ನು ನಿಷೇಧಿಸಿತು.

ಅದೇ 1996ರಲ್ಲಿ ಜಿಂಬಾಬ್ವೆಯ ವಿಜ್ಞಾನಿ ಕಾಲೆನ್ ಮಸಿಮಿರೆಂಬ್ವಾ ಮತ್ತು ಸಂಗಡಿಗರು ತಮ್ಮ ದೇಶದವರಲ್ಲಿ ಇದೇ ಕಿಣ್ವದ ಇನ್ನೊಂದು ರೂಪವನ್ನು ಗುರುತಿಸಿದರು. ಅದರ ಕೆಲಸ ನಿಧಾನ. ಅಲ್ಲಿ ಅದು ಅಪರೂಪದ್ದೂ ಅಲ್ಲ. ಈಗ ಎರಡೂ ದೇಶಗಳ ಸರಾಸರಿ ತೆಗೆಯಿರಿ. ಬರುವ ಅಂಕಿ ಯಾರಿಗೂ ಹೊಂದುವುದಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಎಫಾವಿರೆಂಜ್ ಕತೆ. ಎಚ್‌ಐವಿಗೆ ಕೊಡುತ್ತಿದ್ದ ಮಾತ್ರೆ. ದಿನಕ್ಕೆ 600 ಮಿಲಿಗ್ರಾಂ, ಎಲ್ಲರಿಗೂ ಅಷ್ಟೇ. ಇದನ್ನು ಕರಗಿಸಿ ಹೊರಹಾಕಲು ಬೇಕಾದದ್ದು ಸಿವೈಪಿ2ಬಿ6 ಕಿಣ್ವ. ಜಿಂಬಾಬ್ವೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ಕಿಣ್ವದ ಜೀನ್‌ನ ಎರಡೂ ಪ್ರತಿ ನಿಧಾನದವೇ. ಔಷಧ ರಕ್ತದಲ್ಲಿ ದಿನೇ ದಿನೇ ತುಂಬಿಕೊಳ್ಳುತ್ತದೆ. ತಲೆಸುತ್ತು, ಭಯಂಕರ ಕನಸು, ಖಿನ್ನತೆ, ಇಲ್ಲದ್ದು ಕಣ್ಣಿಗೆ ಕಾಣುವುದು. ಇಂಥವರಿಗೆ ಕಡಿಮೆ ಡೋಸ್ ಸಾಕು ಅಂತ ಮಸಿಮಿರೆಂಬ್ವಾ ತಂಡ ಮೊದಲೇ ಹೇಳಿತ್ತು. ಆದರೂ 2015ರ ಸುಮಾರಿಗೆ ಅಲ್ಲಿ ಈ ಔಷಧ ಎಲ್ಲೆಡೆ ಬಳಕೆಗೆ ಬಂದಾಗ ಡೋಸ್ ಮಾತ್ರ ಅದೇ ಇತ್ತು. 400 ಮಿಲಿಗ್ರಾಂ ಕೂಡ ಅಷ್ಟೇ ಚೆನ್ನಾಗಿ ವೈರಸ್ ತಡೆಯುತ್ತದೆ ಎಂದು ಹಲವು ದೇಶಗಳಲ್ಲಿ ನಡೆದ ಒಂದು ಪರೀಕ್ಷೆ 2014ರಲ್ಲೇ ತೋರಿಸಿತ್ತು. ಈಗ ಎಫಾವಿರೆಂಜ್ ಜಾಗಕ್ಕೆ ಡೊಲುಟೆಗ್ರಾವಿರ್ ಎಂಬ ಬೇರೆ ಔಷಧ ಬಂದಿದೆ.

ಕೆಟ್ಟ ಕನಸಿಗೆ ಹೆದರಿ ಮಾತ್ರೆ ಬಿಟ್ಟವರನ್ನು ನಾವು ವೈದ್ಯರು ‘ಹೇಳಿದ ಹಾಗೆ ಕೇಳದವರು’ ಅಂತ ಕಡತದಲ್ಲಿ ಸುಮ್ನೆ ಬರೆದುಬಿಡುತ್ತೇವೆ. ಅವರ ಲಿವರ್‌ಗೆ ಆ ಡೋಸ್ ಹೆಚ್ಚಾಗಿತ್ತೇ ಅಂತ ಕೇಳಿಕೊಳ್ಳುವುದಿಲ್ಲ. ನನ್ನ ಪಾಠದಲ್ಲಿ ಆ ‘ಆಫ್ರಿಕನ್’ ಸಾಲನ್ನು ಅಳಿಸಿ, ದೇಶದ ಹೆಸರುಗಳನ್ನು ಒಂದೊಂದಾಗಿ ಬರೆದಿದ್ದೇನೆ. ಹಲವು ದೇಶಗಳ ಮುಂದಿನ ಜಾಗ ಇನ್ನೂ ಖಾಲಿ ಇದೆ. ಹಾಗೇ ಬಿಟ್ಟಿದ್ದೇನೆ.