ಬಟ್ಟಲಿನ ಪಾದದಡಿಯ ಅಕ್ಷರಗಳು

ಇಟಲಿಯ ಚೆರ್ವೆತೆರಿ ಊರಿನ ಮ್ಯೂಸಿಯಂನಲ್ಲಿ ಚೂರು ಚೂರು ಜೋಡಿಸಿ ನಿಲ್ಲಿಸಿದ ಒಂದು ಮಣ್ಣಿನ ಬಟ್ಟಲಿದೆ. ಗ್ರೀಕರು ಇದನ್ನು ಕೈಲಿಕ್ಸ್ ಅಂತಿದ್ದರು. ವೈನ್ ಕುಡಿಯೋಕೆ ಮಾಡಿದ ಅಗಲ ಬಾಯಿಯ ಬಟ್ಟಲು, ಎರಡು ಹಿಡಿ, ಕೆಳಗೊಂದು ಪಾದ. ಇದರ ಅಗಲ ಸುಮಾರು 46 ಸೆಂಟಿಮೀಟರ್. ನಮ್ಮ ಊಟದ ತಟ್ಟೆಗಿಂತ ಎಷ್ಟೋ ದೊಡ್ಡದು.

ಹುಟ್ಟಿದ್ದು ಅಥೆನ್ಸ್‌ನಲ್ಲಿ, ಕ್ರಿ.ಪೂ. 500ರ ಆಸುಪಾಸು. ತಿಗರಿಯಲ್ಲಿ ತಿರುಗಿಸಿದವನು ಯೂಫ್ರೋನಿಯೋಸ್, ಅವನ ಸಹಿ ಇದೆ. ಚಿತ್ರ ಬರೆದವನು ಒನೆಸಿಮೋಸ್ ಎಂದು ಕೈಬರಹದಂತಿರುವ ಗೆರೆಗಳನ್ನು ನೋಡಿ ತಜ್ಞರು ಗುರುತಿಸಿದ್ದಾರೆ.

ಬಟ್ಟಲಿನ ಮೇಲೆ ಕೆಂಪು ಆಕೃತಿಗಳು, ಸುತ್ತ ಕಪ್ಪು. ಆ ಕೆಂಪು, ಆ ಕಪ್ಪು ಎರಡಕ್ಕೂ ಮೂಲ ಕಬ್ಬಿಣದ ಅಂಶವಿರುವ ಮಣ್ಣೇ. ನನಗೆ ಇದು ಇವತ್ತಿಗೂ ಬೆರಗು. ಮಣ್ಣನ್ನು ನೀರಲ್ಲಿ ಕದಡಿ ತಿಳಿಯಾಗಿಸಿ, ನಯವಾದ ರಾಡಿಯನ್ನು ಆಕೃತಿಗಳ ಸುತ್ತ ಬಳಿಯುತ್ತಿದ್ದರು. ಮಡಕೆ ಸುಡುವ ಗೂಡಿಗೆ ಮೊದಲು ಗಾಳಿ ಬಿಟ್ಟರೆ ಎಲ್ಲ ಕೆಂಪು. ಗಾಳಿಕಂಡಿ ಮುಚ್ಚಿ ಹಸಿ ಸೌದೆ ಹಾಕಿದರೆ ಎಲ್ಲ ಕಪ್ಪು. ಕಂಡಿ ಮತ್ತೆ ತೆಗೆದಾಗ ಬರೀ ಮಣ್ಣು ಕೆಂಪಿಗೆ ಮರಳುತ್ತೆ. ಬಳಿದ ಭಾಗ ಮಾತ್ರ ಅಷ್ಟರಲ್ಲಿ ಗಾಜಿನಂತೆ ಗಟ್ಟಿಯಾಗಿ ಗಾಳಿ ಒಳಗೆ ಬಿಡೋಲ್ಲ, ಕಪ್ಪಾಗೇ ಉಳಿಯುತ್ತೆ.

ಬಟ್ಟಲಿನ ಒಳಗಿರೋದು ಗ್ರೀಕರ ಕೈಗೆ ಟ್ರಾಯ್ ನಗರ ಬಿದ್ದ ರಾತ್ರಿಯ ಕಥೆ. ಸುತ್ತಿನ ಪಟ್ಟಿಯಲ್ಲಿ ಟ್ರಾಯ್‌ಗೆ ಹೋಗಿದ್ದ ಹೆಂಡತಿ ಹೆಲೆನ್‌ಳನ್ನು ಕಂಡು ಗ್ರೀಕ ರಾಜ ಮೆನೆಲಾಸ್ ಕತ್ತಿ ಕೈಬಿಡುತ್ತಾನೆ. ನಡುವಿನ ವೃತ್ತದಲ್ಲಿ ಬಲಿಪೀಠದ ಮೇಲೆ ಟ್ರಾಯ್‌ನ ಮುದುಕ ರಾಜ ಪ್ರಿಯಾಮ್. ಗ್ರೀಕ ಯೋಧ ನಿಯೋಪ್ಟೋಲೆಮೋಸ್ ಅವನ ಮೇಲೆ ಬೀಸುತ್ತಿರೋದು ಕತ್ತಿಯನ್ನಲ್ಲ, ಪ್ರಿಯಾಮನ ಮೊಮ್ಮಗುವಿನ ದೇಹವನ್ನು. ಔತಣದಲ್ಲಿ ಮಂಚಕ್ಕೊರಗಿ ಕುಡಿಯುತ್ತಾ ಬಂದಂತೆ ವೈನ್ ಇಳಿದು ತಳದ ಚಿತ್ರ ಕಾಣಬೇಕು. ನಗುನಗುತ್ತಾ ಕೂತವರ ಕಣ್ಣಿಗೆ ಆ ಮಗು! ಒನೆಸಿಮೋಸ್ ಗೆದ್ದವರ ಕಡೆಯ ಗ್ರೀಕ. ಆದರೂ ಸೋತವರ ಸಂಕಟವನ್ನೇ ಬಟ್ಟಲಿನ ನಟ್ಟನಡುವೆ ಇಟ್ಟ.

ಅಥೆನ್ಸ್‌ನ ಮಡಕೆಗಳಿಗೆ ಇಟಲಿಯಲ್ಲಿ ಆಗ ಇದ್ದ ಎಟ್ರುಸ್ಕನ್ ಜನರಲ್ಲಿ ಜಾಸ್ತಿ ಬೇಡಿಕೆ ಇತ್ತು. ಈ ಬಟ್ಟಲೂ ಹಡಗು ಹತ್ತಿ ಅಲ್ಲಿಗೆ ಹೋಯಿತು. ಅಲ್ಲಿ ಯಾರೋ ಇದನ್ನು ದೇವರಿಗೆ ಒಪ್ಪಿಸಿದರು.

ಮುಂದೆ ಇದು ಕಾಣಿಸಿಕೊಂಡಿದ್ದು ಅಮೆರಿಕದಲ್ಲಿ. 1983ರಿಂದ ಕ್ಯಾಲಿಫೋರ್ನಿಯಾದ ಗೆಟ್ಟಿ ಮ್ಯೂಸಿಯಂ ಇದರ ಚೂರುಗಳನ್ನು ಕಂತು ಕಂತಾಗಿ ಕೊಂಡಿತು. ಹೀಗೆ ಚೂರುಗಳು ಬಿಡಿಬಿಡಿಯಾಗಿ ಮಾರುಕಟ್ಟೆಗೆ ಬಂದರೆ ಕಳ್ಳ ಅಗೆತದ ಅನುಮಾನ ಬರಲೇಬೇಕು, ಅಲ್ವಾ? ನೆಲದಡಿ ಸಿಗುವ ಪುರಾತನ ವಸ್ತುಗಳು ಸರ್ಕಾರದ್ದು ಎಂಬ ಕಾನೂನು ಇಟಲಿಯಲ್ಲಿ 1909ರಿಂದಲೇ ಇತ್ತು. ಕದ್ದು ಅಗೆದವರು ವಸ್ತುವನ್ನು ಮಾತ್ರ ಒಯ್ಯೋಲ್ಲ. ಅದು ಎಲ್ಲಿತ್ತು, ಪಕ್ಕದಲ್ಲಿ ಏನಿತ್ತು ಅನ್ನೋದನ್ನೂ ಅಳಿಸಿಬಿಡುತ್ತಾರೆ. ಅದೇ ದೊಡ್ಡ ನಷ್ಟ.

ಈ ಸಲ ಪೂರ್ತಿ ಅಳಿಸಲು ಆಗಲಿಲ್ಲ. ಬಟ್ಟಲಿನ ಪಾದದಡಿ ಎಟ್ರುಸ್ಕನ್ ಅಕ್ಷರಗಳನ್ನು ಗೀರಿದ್ದರು. ಹರ್ಕ್ಲೆಗೆ, ಅಂದರೆ ಹರ್ಕ್ಯುಲಸ್‌ಗೆ ಕೊಟ್ಟ ಕಾಣಿಕೆ ಎಂಬ ಬರಹ ಅದು. 1991ರಲ್ಲಿ ವಿದ್ವಾಂಸ ಡಿಫ್ರಿ ವಿಲಿಯಮ್ಸ್ ಬಟ್ಟಲಿನ ಬಗ್ಗೆ ವಿವರವಾಗಿ ಬರೆದು ಪ್ರಕಟಿಸಿದರು. ಚೆರ್ವೆತೆರಿಯ ಸಾಂತ್ ಅಂತೋನಿಯೋ ಎಂಬ ಜಾಗದಲ್ಲಿ ಹರ್ಕ್ಲೆಯ ಪೂಜಾಸ್ಥಳ ಇದ್ದದ್ದು ಗೊತ್ತಾದ ಮೇಲೆ ಎರಡೂ ಕೂಡಿಬಂದವು. ಪುರಾತತ್ವಜ್ಞೆ ಮರಿಯಾ ಅಂತೋನಿಯೆತ್ತಾ ರಿಝೋ ಈ ನಂಟನ್ನು ಮುಂದಿಟ್ಟರು. 1999ರಲ್ಲಿ ಗೆಟ್ಟಿ ಬಟ್ಟಲನ್ನು ಇಟಲಿಗೆ ಮರಳಿಸಿತು.

ಮೊದಲು ರೋಮ್‌ನ ವಿಲ್ಲಾ ಜೂಲಿಯಾ ಮ್ಯೂಸಿಯಂ, ಆಮೇಲೆ ಚೆರ್ವೆತೆರಿ. ಚೆರ್ವೆತೆರಿಯ ಮ್ಯೂಸಿಯಂನಲ್ಲೇ, ಸರ್ಪೆಡಾನ್ ಎಂಬ ಯೋಧನ ಸಾವನ್ನು ಯೂಫ್ರೋನಿಯೋಸ್ ಚಿತ್ರಿಸಿದ ಹಂಡೆಯೂ ಇದೆ. 1972ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಸುಮಾರು 10 ಲಕ್ಷ ಡಾಲರ್‌ಗೆ ಕೊಂಡು, 2008ರಲ್ಲಿ ವಾಪಸ್ ಕಳಿಸಿದ ಹಂಡೆ ಅದು. ಬಟ್ಟಲಿನ ಎಲ್ಲ ಚೂರುಗಳು ಮಾತ್ರ ಸಿಕ್ಕಿಲ್ಲ. ಚಿತ್ರದ ನಡುನಡುವೆ ಇನ್ನೂ ಖಾಲಿ ಜಾಗಗಳಿವೆ.