ಕಕ್ಕಡದಲ್ಲಿ ಮುಚ್ಚಿದ ಕಿಟಕಿ

ಹೋದ ವರ್ಷ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಎರಡು ದಿನ ಇದೆ ಅನ್ನುವಾಗ ಮಡಿಕೇರಿ ಹೊರಗಿನ ಒಂದು ಮನೆಯಿಂದ ಫೋನ್ ಬಂತು. "ಮೇಡಂ, ನೀವು ಮಾಡಿಸಿಕೊಟ್ಟ ವಾರ್ಡ್‌ರೋಬ್ ಒಮ್ಮೆ ಬಂದು ನೋಡಿ." ಅಷ್ಟೇ. ದನಿಯಲ್ಲಿ ಸಿಟ್ಟಿತ್ತು. ಐದು ವರ್ಷದ ಹಿಂದೆ ಆ ಮನೆಗೆ ಪ್ಲಾನ್ ಹಾಕಿದ್ದು ನಾನೇ. ಹೋಗದೆ ವಿಧಿ ಇರಲಿಲ್ಲ.

ವಾರ್ಡ್‌ರೋಬಿನ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಯಜಮಾನರ ಕುಪ್ಯ, ಹಬ್ಬಕ್ಕೆ ಹಾಕುವ ಕೊಡವರ ಉದ್ದ ಕೋಟು, ತೂಗುತ್ತಿತ್ತು. ಕಪ್ಪು ಬಟ್ಟೆಯ ಹೆಗಲ ಮೇಲೆ ಯಾರೋ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ ಬೂಷ್ಟು. ಪಕ್ಕದ ಚರ್ಮದ ಬೆಲ್ಟ್ ಹಸಿರಾಗಿತ್ತು. ಬಟ್ಟೆ ಸರಿಸಿ ಹಿಂದಿನ ಪ್ಲೈವುಡ್‌ಗೆ ಕೈ ಇಟ್ಟೆ. ತಣ್ಣಗೆ, ಒದ್ದೆ. ಅದು ನೈರುತ್ಯದ ಗೋಡೆ. ಜೂನ್‌ನಿಂದ ಮಳೆ ನೇರ ಹೊಡೆಯುವುದು ಅದಕ್ಕೇ. ಅಂಥ ಗೋಡೆಗೆ ಅಂಟಿಸಿ ವಾರ್ಡ್‌ರೋಬ್ ಕೂರಿಸಿದ್ದು ನನ್ನದೇ ತಪ್ಪು. ಒಪ್ಪಿಕೊಂಡೆ.

ಕಾಫಿ ಕೊಡುವಾಗ ಮನೆಯ ಆಂಟಿ ಹೇಳಿದ ಮಾತು ವಾರ್ಡ್‌ರೋಬ್‌ಗಿಂತ ಹೆಚ್ಚು ಚಿಂತೆಗೆ ಹಚ್ಚಿತು. "ಮಳೆ ಹಿಡಿದಾಗಿನಿಂದ ಕೆಮ್ಮು ಬಿಟ್ಟಿಲ್ಲ. ಮೈಸೂರಿಗೆ ಮಗಳ ಮನೆಗೆ ಹೋಗಿ ಹತ್ತು ದಿನ ಇದ್ದೆ, ಕೆಮ್ಮೇ ಇಲ್ಲ. ಇಲ್ಲಿಗೆ ಬಂದ ರಾತ್ರಿಯೇ ಶುರು." ಡಾಕ್ಟರು ಅಲರ್ಜಿ ಎಂದು ಇನ್‌ಹೇಲರ್ ಕೊಟ್ಟಿದ್ದರು. ಔಷಧದ ವಿಷಯ ನನ್ನದಲ್ಲ. ಆದರೆ ಮನೆ ಬಿಟ್ಟರೆ ಕಡಿಮೆ, ಮನೆಗೆ ಬಂದರೆ ಜಾಸ್ತಿ ಎಂದಾದರೆ ಮನೆಯನ್ನೂ ಒಮ್ಮೆ ಪರೀಕ್ಷೆ ಮಾಡಬೇಕು ಅಲ್ವಾ?

ನನ್ನ ಬ್ಯಾಗಿನಲ್ಲಿ ಗಾಳಿ ಅಳೆಯುವ ಪುಟ್ಟ ಮೀಟರ್ ಒಂದು ಇರುತ್ತದೆ. ಅದನ್ನು ಆ ರಾತ್ರಿ ಅವರ ಮಲಗುವ ಕೋಣೆಯಲ್ಲೇ ಬಿಟ್ಟು ಬಂದೆ. ಬೆಳಿಗ್ಗೆ ಆರಕ್ಕೆ ಇಂಗಾಲದ ಡೈಆಕ್ಸೈಡ್ 2,600 ಪಿಪಿಎಂ ತೋರಿಸಿತ್ತು. ತೇವಾಂಶ ಶೇಕಡಾ 84.

ಪಿಪಿಎಂ ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಎನ್ನುವ ಲೆಕ್ಕ. ಹೊರಗಿನ ಗಾಳಿಯಲ್ಲಿ ಈಗ ಸುಮಾರು 420 ಇದೆ. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಹಾಗಾಗಿ ಕೋಣೆಯಲ್ಲಿ 2,600 ಇದೆ ಎಂದರೆ, ಅಲ್ಲಿ ಎಳೆದುಕೊಳ್ಳುವ ಪ್ರತಿ ಇಪ್ಪತ್ತು ಉಸಿರಿನಲ್ಲಿ ಒಂದು ಆಗಲೇ ಒಬ್ಬರ ಶ್ವಾಸಕೋಶದೊಳಗೆ ಹೋಗಿ ಬಂದದ್ದು. 2,600 ವಿಷವೇನಲ್ಲ, ಯಾರೂ ಹೆದರಬೇಕಿಲ್ಲ. ಹೊಸ ಗಾಳಿ ಬರುತ್ತಿಲ್ಲ ಎಂದು ಹೇಳುವ ಸಾಕ್ಷಿ ಅದು. ಗಾಳಿ ಬರದ ಕಡೆ ನೀರಿನ ಆವಿ, ಬೂಷ್ಟಿನ ಬೀಜಕಣ, ಅಡುಗೆ ಹೊಗೆ, ಹೊಸ ಪೇಂಟಿನ ಘಾಟು ಎಲ್ಲವೂ ಅಲ್ಲೇ ಕೂರುತ್ತವೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವಿಜ್ಞಾನಿ 1858ರಲ್ಲೇ ಈ ಲೆಕ್ಕ ಹಾಕಿ, ವಾಸದ ಕೋಣೆಯಲ್ಲಿ 1,000 ದಾಟಬಾರದು ಎಂದಿದ್ದ. ನಾವು ಇವತ್ತಿಗೂ ಅದೇ ಅಂಕಿ ಹಿಡಿದುಕೊಂಡೇ ಕೆಲಸ ಮಾಡುತ್ತೇವೆ.

ಹಳಬರ ಮನೆಯಲ್ಲಿ ಹೀಗಿರಲಿಲ್ಲವಲ್ಲ ಎಂದು ಎಲ್ಲರೂ ಕೇಳುತ್ತಾರೆ. ನಿಜ, ಆದರೆ ಪೂರ್ತಿ ನಿಜವಲ್ಲ. ನಮ್ಮಜ್ಜಿಯ ಅಡುಗೆಮನೆಯಲ್ಲಿ ಸೌದೆ ಒಲೆ ಬೆಳಗಿನಿಂದ ರಾತ್ರಿವರೆಗೆ ಆರುತ್ತಿರಲಿಲ್ಲ. ಅದರ ಬಿಸಿಗೆ ಅಟ್ಟ ಒಣಗಿರುತ್ತಿತ್ತು, ಗೋಡೆ ಬೆಚ್ಚಗಿರುತ್ತಿತ್ತು. ಮೇಲೆ ಮಂಗಳೂರು ಹೆಂಚು. ಹೆಂಚು ಹೆಂಚಿನ ನಡುವೆ ಸಂದು. ಒಲೆಯ ಬಿಸಿಗಾಳಿ ಆ ಸಂದಿನಲ್ಲಿ ಮೇಲೆ ಹೋಗುತ್ತಿತ್ತು, ಕೈಯಾಲೆ (ಮುಂದಿನ ಜಗಲಿ) ಕಡೆಯಿಂದ ಹೊಸ ಗಾಳಿ ಒಳಗೆ ಬರುತ್ತಿತ್ತು. ಒಲೆ ಮತ್ತು ಹೆಂಚು ಜೋಡೆತ್ತಿನ ಹಾಗೆ ಕೆಲಸ ಮಾಡುತ್ತಿದ್ದವು. ಅದಕ್ಕೆ ಬೆಲೆ ತೆತ್ತದ್ದು ಅಜ್ಜಿ. ಜೀವನದಲ್ಲಿ ಒಂದು ಬೀಡಿ ಸೇದದ ಹೆಂಗಸು, ಕೊನೆಯ ಹತ್ತು ವರ್ಷ ಮೆಟ್ಟಿಲು ಹತ್ತಲಾರದಷ್ಟು ಏದುಸಿರು. 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅದನ್ನು ಓದುವಾಗ ನನಗೆ ಅಜ್ಜಿಯ ಕೆಮ್ಮೇ ಕೇಳಿಸುತ್ತದೆ. ಆದ್ದರಿಂದ ಹಳೆಯದೇ ಚೆನ್ನ ಎಂದು ನಾನು ಹಾಡುವುದಿಲ್ಲ.

ನಾವು ಮಾಡಿದ ಎಡವಟ್ಟು ಬೇರೆ. ಒಲೆ ತೆಗೆದೆವು, ಒಳ್ಳೆಯದಾಯಿತು. ಅದೇ ಹೊತ್ತಿಗೆ ಹೆಂಚು ತೆಗೆದು ಸ್ಲ್ಯಾಬ್ ಹಾಕಿದೆವು, ಮರದ ಕಿಟಕಿ ತೆಗೆದು ರಬ್ಬರ್ ಪಟ್ಟಿ ಇರುವ ಯುಪಿವಿಸಿ ಪ್ಲಾಸ್ಟಿಕ್ ಕಿಟಕಿ ಹಾಕಿದೆವು, ನಾಲ್ಕೈದು ಅಡಿ ಚಾಚುತ್ತಿದ್ದ ಸೂರನ್ನು ಎರಡಡಿ ಸಜ್ಜಾಕ್ಕೆ ಇಳಿಸಿದೆವು. ಈಗ ಕಿಟಕಿ ತೆಗೆದರೆ ಎರಚಲು ಹಾಸಿಗೆಗೇ ಬೀಳುತ್ತದೆ. ಹಾಗಾಗಿ ಜೂನ್‌ನಲ್ಲಿ ಮುಚ್ಚಿದ ಕಿಟಕಿ ಸೆಪ್ಟೆಂಬರ್‌ವರೆಗೆ ತೆಗೆಯುವುದೇ ಇಲ್ಲ.

ಒಳಗೆ ಎಷ್ಟು ನೀರು ಹುಟ್ಟುತ್ತದೆ ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಗ್ಯಾಸ್ ಉರಿದರೆ ನೀರಾವಿ ಬರುತ್ತದೆ. ಒಂದು ಕೆಜಿ ಎಲ್‌ಪಿಜಿಗೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರು. ಅಂದರೆ 14.2 ಕೆಜಿ ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಸುಮಾರು 22 ಲೀಟರ್, ಒಂದೂವರೆ ಬಕೆಟ್, ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಅನ್ನ ಕುದಿಯುವ ಆವಿ ಬೇರೆ. ಇಬ್ಬರು ಮಲಗಿದರೆ ರಾತ್ರಿಗೆ ಅರ್ಧ ಲೀಟರ್ ಆಸುಪಾಸು. ವಾಷಿಂಗ್ ಮೆಷಿನ್‌ನಿಂದ ತೆಗೆದ ಒಂದು ಲೋಡ್ ಬಟ್ಟೆಯನ್ನು ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸಿದರೆ ಇನ್ನೆರಡು ಲೀಟರ್. ಇದೆಲ್ಲ ತಣ್ಣನೆಯ ಗೋಡೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಗೋಡೆಯ ಮೈ ಹತ್ತಿರ ತೇವಾಂಶ ಶೇಕಡಾ 80ರ ಆಚೀಚೆ ನಿಂತರೆ ಸಾಕು, ಬೂಷ್ಟಿಗೆ ಬೇರೆ ನೀರು ಬೇಡ. ಹಾಸಿಗೆಯ ಧೂಳುಹುಳಕ್ಕೂ ಅದೇ ಹಬ್ಬ.

"ಕಿಟಕಿ ತೆಗೆದರೆ ಹೊರಗಿನ ಥಂಡಿಯೇ ಒಳಗೆ ಬರುತ್ತಲ್ಲ ಮೇಡಂ?" ಯಜಮಾನರು ಕೇಳಿದರು. ತಪ್ಪು ಪ್ರಶ್ನೆಯಲ್ಲ. ಎಷ್ಟೋ ಇಂಜಿನಿಯರುಗಳೇ ಇಲ್ಲಿ ಎಡವುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ಜೋರು ಮಳೆಯ ತಿಂಗಳ, ಗಾಳಿ ಪೂರ್ತಿ ನೆನೆದೇ ಇರುತ್ತದೆ. ಆದರೆ 19 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯುವುದು ಸುಮಾರು 16 ಗ್ರಾಂ ನೀರು. 24 ಡಿಗ್ರಿಯಲ್ಲಾದರೆ 22 ಗ್ರಾಂ. ಹೊರಗಿನ ಗಾಳಿ ಒಳಗೆ ಬಂದು ಐದು ಡಿಗ್ರಿ ಬೆಚ್ಚಗಾದರೆ ಅದೇ ಗಾಳಿಯ ತೇವಾಂಶ 100ರಿಂದ 75ಕ್ಕೆ ಇಳಿಯುತ್ತದೆ. ಬೆಚ್ಚಗಾಗದಿದ್ದರೆ ಇಳಿಯುವುದಿಲ್ಲ. ಅಂದರೆ ಕೊಡಗಿನ ಮಳೆಗಾಲಕ್ಕೆ ಬರೀ ಗಾಳಿ ಸಾಲದು, ಬರೀ ಬಿಸಿಯೂ ಸಾಲದು. ಎರಡೂ ಬೇಕು. ಅಜ್ಜಿಯ ಮನೆಯಲ್ಲಿ ಎರಡೂ ಇದ್ದವು, ಹೊಗೆಯ ಜೊತೆ.

ಹಿಂದೆ ಬೀರುವಿನೊಳಗೆ 40 ವ್ಯಾಟಿನ ಬಲ್ಬ್ ಉರಿಸಿ ಇಡುತ್ತಿದ್ದರಲ್ಲ, ಅದೂ ಇದೇ ಲೆಕ್ಕ. ಈಗ ಅದೇ ಹೋಲ್ಡರಿಗೆ ಎಲ್‌ಇಡಿ ಹಾಕಿಟ್ಟು "ಬಲ್ಬ್ ಹಾಕಿದ್ರೂ ಬೂಷ್ಟು ಬರುತ್ತೆ" ಎನ್ನುವವರಿದ್ದಾರೆ. ಬೆಳಕಿಗೆ ಬೂಷ್ಟು ಹೆದರುವುದಿಲ್ಲ, ಬಿಸಿಗೆ ಹೆದರುತ್ತದೆ. ನುಸಿಗುಳಿಗೆಯಿಂದಲೂ ಬೂಷ್ಟು ಹೋಗುವುದಿಲ್ಲ, ಅದರ ಆವಿ ಮಾತ್ರ ಬಟ್ಟೆಯಲ್ಲಿ ಉಳಿಯುತ್ತದೆ. ಬೂಷ್ಟಿನ ಮೇಲೆ ಪೇಂಟ್ ಹೊಡೆಸುವುದಂತೂ ದುಡ್ಡು ದಂಡ.

ಆ ಮನೆಯಲ್ಲಿ ದೊಡ್ಡ ಕೆಲಸವೇನೂ ಮಾಡಲಿಲ್ಲ. ವಾರ್ಡ್‌ರೋಬನ್ನು ಒಳಗೋಡೆಗೆ ಸಾಗಿಸಿ, ಹಿಂದೆ ಎರಡು ಇಂಚು ಜಾಗ ಬಿಟ್ಟೆವು. ಹಳೆಯ ಪ್ಲೈವುಡ್ ಬಿಸಾಡಿದೆವು. ಮಲಗುವ ಕೋಣೆಯಲ್ಲಿ ಮಳೆಗಾಳಿ ನೇರ ಹೊಡೆಯದ ಈಶಾನ್ಯದ ಗೋಡೆಗೆ, ಚಾವಣಿ ಹತ್ತಿರ, ಜಾಲರಿ ಇರುವ ವೆಂಟಿಲೇಟರ್ ಕೂರಿಸಿದೆವು. ಅದಕ್ಕೆ ಮುಚ್ಚುವ ಬಾಗಿಲೇ ಇಟ್ಟಿಲ್ಲ, ಬೇಕೆಂದೇ. ಬಾಗಿಲಿದ್ದರೆ ಮುಚ್ಚುತ್ತೇವೆ, ನಮ್ಮ ಜನ ನನಗೆ ಗೊತ್ತು. ಅಡುಗೆಮನೆಯ ಚಿಮಣಿಗೆ ಹೊರಗೆ ಹೋಗುವ ಪೈಪೇ ಇರಲಿಲ್ಲ, ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುತ್ತಿತ್ತು. ಜಿಡ್ಡು ನಿಲ್ಲುತ್ತದೆ, ಆವಿ ನಿಲ್ಲುವುದಿಲ್ಲ. ಅದಕ್ಕೆ ಪೈಪ್ ಹಾಕಿಸಿದೆವು. ಒದ್ದೆ ಬಟ್ಟೆ ಎಲ್ಲ ಸ್ಟೋರ್ ರೂಮಿಗೆ, ಅಲ್ಲಿ ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್ ಯಂತ್ರ, ಬಾಗಿಲು ಭದ್ರ. ದಿನಕ್ಕೆರಡು ಸಲ ಅದರ ಡಬ್ಬಿಯ ನೀರು ಚೆಲ್ಲುವುದೇ ಯಜಮಾನರಿಗೆ ಈಗ ಒಂದು ಖುಷಿ. ಈ ವರ್ಷ ಕಕ್ಕಡದಲ್ಲಿ ಫೋನ್ ಮಾಡಿ ಕೇಳಿದೆ. ಇಂಗಾಲದ ಡೈಆಕ್ಸೈಡ್‌ನ ಬೆಳಗಿನ ಅಂಕಿ 900ರ ಸುತ್ತ ಇದೆ. ಆಂಟಿಯ ಕೆಮ್ಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಕೆಮ್ಮಿದರೆ ಡಾಕ್ಟರ ಹತ್ತಿರ ಹೋಗುತ್ತೇವೆ. ತೂಕಡಿಸಿದರೆ ಬೈಸಿಕೊಳ್ಳುತ್ತೇವೆ, ಗಾಳಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಪೇಟೆಯಲ್ಲಿ ಒಬ್ಬರು ಟ್ಯೂಷನ್ ನಡೆಸುತ್ತಾರೆ. ಮೊದಲ ಮಹಡಿ, ಒಂದೇ ಹಾಲ್, 28 ಮಕ್ಕಳು, ಮಳೆಗೆ ಎಳೆದು ಮುಚ್ಚಿದ ಸ್ಲೈಡಿಂಗ್ ಕಿಟಕಿ. ಸೋರುವ ಗೋಡೆ ನೋಡಲು ಹೋಗಿದ್ದೆ, ಸುಮ್ನೆ ಮೀಟರ್ ತೆಗೆದು ಮೇಜಿನ ಮೇಲಿಟ್ಟೆ. 2,800. ಹಿಂದಿನ ಬೆಂಚಿನ ಹುಡುಗ ಗಲ್ಲಕ್ಕೆ ಕೈ ಕೊಟ್ಟು ನಿದ್ದೆ ಹೊಡೆಯುತ್ತಿದ್ದ. "ಮಧ್ಯಾಹ್ನದ ಊಟ ಜಾಸ್ತಿ ಇವಕ್ಕೆ" ಅಂದರು ಮೇಷ್ಟ್ರು. ಎದುರುಬದುರಿನ ಬಾಗಿಲು, ಕಿಟಕಿ ಒಂದು ಗೇಣು ತೆಗೆಸಿದೆ. ಇಪ್ಪತ್ತು ನಿಮಿಷದಲ್ಲಿ 1,100. ಹುಡುಗ ಎದ್ದ, ಬಹುಶಃ ಚಳಿಗೂ ಇರಬಹುದು.

ಇದು ಬರೀ ನನ್ನ ಊಹೆಯಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2012ರಲ್ಲಿ 22 ಜನರನ್ನು 600, 1,000 ಮತ್ತು 2,500 ಪಿಪಿಎಂ ಇರುವ ಕೋಣೆಯಲ್ಲಿ ಕೂರಿಸಿ, ನಿರ್ಧಾರ ತೆಗೆದುಕೊಳ್ಳುವ ಪರೀಕ್ಷೆ ಕೊಟ್ಟರು. 1,000ದಲ್ಲೇ ಅಂಕ ಇಳಿಯಿತು, 2,500ರಲ್ಲಿ ಇನ್ನೂ ಕೆಳಗೆ. ಸಣ್ಣ ಪ್ರಯೋಗ, ಅದೇ ವೇದವಾಕ್ಯ ಅಲ್ಲ. ಆದರೂ ಫೀಸು ಕೊಟ್ಟು ಮಕ್ಕಳನ್ನು ಕಳಿಸುವವರು ಒಂದು ಗೇಣು ಕಿಟಕಿ ಕೇಳುವುದರಲ್ಲಿ ತಪ್ಪಿಲ್ಲ.

ಸೊಳ್ಳೆ ಕಾಯಿಲ್ ಬಗ್ಗೆ ಒಂದೇ ಮಾತು. ಒಂದು ಕಾಯಿಲ್ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬರುತ್ತದೆ ಎಂದು 2003ರ ಒಂದು ಅಧ್ಯಯನ ಅಳೆದಿದೆ. ಸೊಳ್ಳೆಪರದೆ ಕಟ್ಟಿ.

ಕೆಂಡದ ವಿಷಯ ಮಾತ್ರ ಹೀಗೆ ಒಂದೇ ಸಾಲಿನಲ್ಲಿ ಮುಗಿಸಲಾರೆ. ಡಿಸೆಂಬರ್‌ನಲ್ಲಿ ಹೋಂಸ್ಟೇಗೆ ಬಂದವರು ಕ್ಯಾಂಪ್ ಫೈರ್ ಮುಗಿದ ಮೇಲೆ ಇದ್ದಿಲಿನ ಬಾಣಲೆಯನ್ನು ಕೋಣೆಯೊಳಗೆ ಎಳೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ನಮ್ಮವರೇ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಮಗುವಿನ ಬಟ್ಟೆ ಒಣಗಿಸುತ್ತಾರೆ. ಹೆಂಚಿನ ಮನೆಯಲ್ಲಿ ಅದು ನಡೆಯಿತು. ಸ್ಲ್ಯಾಬಿನ ಮನೆಯಲ್ಲಿ ನಡೆಯುವುದಿಲ್ಲ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ನಿದ್ದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಮೋಸ ಹೋಗಿ 98 ಎಂದು ತೋರಿಸಬಹುದು. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್‌ಗೂ ಇದೇ ಮಾತು. ಗೀಸರ್ ಇರಬೇಕಾದ್ದು ಗೋಡೆಯ ಹೊರಗೆ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಮಾತ್ರೆ ಹುಡುಕಬೇಡಿ, ಮೊದಲು ಹೊರಗೆ ಬನ್ನಿ.

ಹೋದ ತಿಂಗಳು ಸಿದ್ದಾಪುರ ಕಡೆಯ ತೋಟಕ್ಕೆ ಹೋಗಿದ್ದೆ. ಹೋಂಸ್ಟೇಯ ಹೊಸ ಕಾಟೇಜಿಗೆ ಎಸಿ ಎಲ್ಲಿಡಬೇಕು ಎಂದು ಮಾಲೀಕರು ಕರೆದಿದ್ದರು. ವಾಪಸ್ ಬರುವಾಗ ದಾರಿಯಲ್ಲಿ ತೋಟದ ಕೆಲಸಗಾರರ ಲೈನ್ ಮನೆಗಳು. ಒಂದೇ ಕೋಣೆ, ಮೂಲೆಯಲ್ಲಿ ಮೂರು ಕಲ್ಲಿನ ಒಲೆ, ಸೌದೆ ಹಸಿ. ಅಲ್ಲೇ ಮಗು ಮಲಗಿತ್ತು. ಮೀಟರಿನ ಇನ್ನೊಂದು ಗುಂಡಿ ಒತ್ತಿದೆ. ಸೂಕ್ಷ್ಮ ಕಣ ಒಂದು ಘನ ಮೀಟರಿಗೆ 900 ಮೈಕ್ರೋಗ್ರಾಂ ದಾಟಿತ್ತು. ದಿನದ ಸರಾಸರಿ 15 ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಮಿತಿ 60. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಹೊಗೆಕೊಳವೆ ಇರುವ ಅಸ್ತ್ರ ಒಲೆ ತಯಾರಾಗಿ ನಲವತ್ತು ವರ್ಷ ದಾಟಿತು. ಮಣ್ಣು, ಇಟ್ಟಿಗೆ, ಒಂದು ಪೈಪ್, ಒಂದು ದಿನದ ಕೆಲಸ. ಕಾಟೇಜಿನ ಒಂದು ಎಸಿಯ ದುಡ್ಡಿನಲ್ಲಿ ಇಡೀ ಲೈನಿಗೆ ಆಗುತ್ತದೆ ಎಂದು ಮಾಲೀಕರಿಗೆ ನೇರವಾಗಿಯೇ ಹೇಳಿದೆ. ಸ್ವಲ್ಪ ಮುಖ ಗಂಟು ಹಾಕಿದರು. ಆದರೂ ಎರಡು ಮನೆಗೆ ಒಲೆ ಹಾಕಿಸಿದ್ದಾರೆ. ಇನ್ನು ಎಂಟು ಬಾಕಿ. ಕಾಫಿ ದುಡ್ಡು ಕೈಗೆ ಬರಲಿ, ನೋಡುವ ಎಂದಿದ್ದಾರೆ.