ಕೋಡಿಯಾಕ್‌ನ ಹಿಂದಿನ ಚಕ್ರಗಳು ಎಳೆಯುವುದು ಯಾವಾಗ?

ಡಿಕ್ಕಿಯ ಬಾಗಿಲ ಮೇಲೆ ‘ಫೋರ್ ಬೈ ಫೋರ್’ ಎಂದು ಬರೆದಿದ್ದರೆ ನಾಲ್ಕೂ ಚಕ್ರ ಸದಾ ಎಳೆಯುತ್ತಿರುತ್ತವೆ ಎಂದು ನಂಬಿದವರು ಬಹಳ. ಸ್ಕೋಡಾ ಕಂಪನಿಯ ಎಸ್‌ಯುವಿ ಕೋಡಿಯಾಕ್ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಒಣ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುವಾಗ ಅದು ಬಹುಪಾಲು ಮುಂಚಕ್ರದ ಗಾಡಿಯೇ. ಹಿಂದಕ್ಕೆ ಶಕ್ತಿ ಕಳಿಸಬೇಕೋ ಬೇಡವೋ, ಕಳಿಸಿದರೆ ಎಷ್ಟು ಎಂಬುದೆಲ್ಲ ಹಿಂದಿನ ಡಿಫರೆನ್ಷಿಯಲ್‌ನ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ಮುಂದೆ ಕೂತಿರುವ ಒಂದು ಕ್ಲಚ್ ಪ್ಯಾಕ್‌ನ, ಅಂದರೆ ಬಿಗಿದು ಸಡಿಲಾಗುವ ತಟ್ಟೆಗಳ ಕಟ್ಟಿನ, ಕೈಯಲ್ಲಿದೆ. ಆ ಕ್ಲಚ್‌ಗೆ ಬೇಕಾಗುವ ಎಣ್ಣೆ ಒಂದು ಲೀಟರಿಗಿಂತಲೂ ಕಡಿಮೆ. ಗಾಡಿಯಲ್ಲಿ ಅತಿ ಹೆಚ್ಚು ಮರೆತುಹೋಗುವ ಎಣ್ಣೆಯೂ ಅದೇ.

ಗಾಡಿಯ ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಭಾರತಕ್ಕೆ ಕೋಡಿಯಾಕ್ ಬಂದದ್ದು 2017ರ ಅಕ್ಟೋಬರ್‌ನಲ್ಲಿ, 150 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಕೊಡುವ 2.0 ಲೀಟರ್ ಟರ್ಬೊ ಡೀಸೆಲ್‌ನೊಂದಿಗೆ. 2022ರ ಜನವರಿಯಲ್ಲಿ 2.0 ಟಿಎಸ್‌ಐ ಪೆಟ್ರೋಲ್ ಬಂತು: 190 ಪಿಎಸ್, 320 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಏಳು ಗೇರಿನ ಡಿಎಸ್‌ಜಿ (ಜೋಡಿ ಕ್ಲಚ್‌ನ ಆಟೋಮ್ಯಾಟಿಕ್ ಗೇರ್ ಬಾಕ್ಸ್). 2025ರ ಏಪ್ರಿಲ್‌ನಲ್ಲಿ ಬಂದ ಎರಡನೇ ಪೀಳಿಗೆಯಲ್ಲಿ ಶಕ್ತಿ 204 ಪಿಎಸ್‌ಗೆ ಏರಿತು, ಟಾರ್ಕ್ ಅಷ್ಟೇ ಉಳಿಯಿತು. ಇಲ್ಲಿ ಹೇಳುವುದು ಮುಖ್ಯವಾಗಿ 190 ಪಿಎಸ್ ಪೆಟ್ರೋಲ್ ಗಾಡಿಯ ಕುರಿತು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗ ಕೈಬದಲಾಗುತ್ತಿರುವ ಗಾಡಿಗಳಲ್ಲಿ ಅದೂ ಒಂದು.

ಎಂಜಿನ್ 1984 ಸಿಸಿಯದು, ಫೋಕ್ಸ್‌ವ್ಯಾಗನ್ ಬಳಗದ ಇಎ888 ಕುಟುಂಬಕ್ಕೆ ಸೇರಿದ್ದು. 320 ನ್ಯೂಟನ್ ಮೀಟರ್ ಟಾರ್ಕ್ 1500ರಿಂದ 4100 ಆರ್‌ಪಿಎಂವರೆಗೆ ಸಪಾಟಾಗಿ ಸಿಗುತ್ತದೆ. ಈ ಅಂಕಿ ನೋಡಿ ‘1500ರಲ್ಲೇ ಪೂರ್ತಿ ಪಿಕಪ್’ ಎಂದುಕೊಂಡರೆ ಲೆಕ್ಕ ತಪ್ಪಿತು. 1500 ಆರ್‌ಪಿಎಂನಲ್ಲಿ 320 ನ್ಯೂಟನ್ ಮೀಟರ್ ಎಂದರೆ ಸುಮಾರು 68 ಪಿಎಸ್ ಅಷ್ಟೇ. ಏಳು ಜನ, ಅವರ ಲಗೇಜು ತುಂಬಿಕೊಂಡು ಚಾರ್ಮಾಡಿ ಹತ್ತುವಾಗ ಅದು ಸಾಲದು. ಆಗ ಗೇರ್ ಇಳಿಯಲೇಬೇಕು. ಡಿಎಸ್‌ಜಿ ‘ಡಿ’ಯಲ್ಲಿದ್ದಾಗ ಪೆಟ್ರೋಲ್ ಉಳಿಸಲೆಂದು ಬೇಗ ಬೇಗ ಮೇಲಿನ ಗೇರಿಗೆ ಹೋಗಿಬಿಡುತ್ತದೆ. ಘಾಟಿಯಲ್ಲಿ ‘ಎಸ್’ (ಸ್ಪೋರ್ಟ್) ಹಾಕಿ, ಇಲ್ಲವೇ ಮ್ಯಾನ್ಯುವಲ್‌ನಲ್ಲಿ ಎರಡು–ಮೂರನೇ ಗೇರ್ ಹಿಡಿದಿಟ್ಟುಕೊಳ್ಳಿ. ಮ್ಯಾನ್ಯುವಲ್‌ನಲ್ಲಿ ಕಡಿಮೆ ಆರ್‌ಪಿಎಂ, ದೊಡ್ಡ ಗೇರು, ಪೂರ್ತಿ ಒತ್ತಿದ ಆಕ್ಸಿಲರೇಟರು, ಈ ಮೂರೂ ಒಟ್ಟಿಗೆ ಬರಬಾರದು. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಸ್ಪಾರ್ಕ್‌ಗೂ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್‌ಗೆ ಏಟು ಬೀಳುವುದು ಇಂಥ ಸ್ಥಿತಿಯಲ್ಲೇ. ಇಳಿಜಾರಿನಲ್ಲೂ ಅದೇ ಎರಡು–ಮೂರನೇ ಗೇರು ಕೆಲಸಕ್ಕೆ ಬರುತ್ತದೆ. ಬರೀ ಬ್ರೇಕ್ ಮೇಲೆ ಇಳಿದರೆ ಕೆಳಗಿನ ತಿರುವುಗಳ ಹೊತ್ತಿಗೆ ಡಿಸ್ಕ್ ಕಾದು ಪೆಡಲ್ ಮೆತ್ತಗಾಗುತ್ತದೆ.

ಘಾಟಿ ಹತ್ತಿ ಗಾಡಿ ಆಫ್ ಮಾಡಿದ ಮೇಲೂ ಫ್ಯಾನ್ ಓಡುತ್ತಿರುತ್ತದೆ, ಎಲ್ಲೋ ಸಣ್ಣಗೆ ಪಂಪ್ ಸದ್ದು ಕೇಳುತ್ತದೆ. ಅದು ದೋಷವಲ್ಲ. ಟರ್ಬೊದ ಮೈಗೆ ಕೂಲೆಂಟ್ ಹರಿಸುತ್ತಿರುವ ವಿದ್ಯುತ್ ಪಂಪ್ ಅದು. ಬ್ಯಾಟರಿ ಇಳಿಯುತ್ತದೆಂದು ಗಾಬರಿ ಬೀಳುವ ಅಗತ್ಯವಿಲ್ಲ.

ಈ ಎಂಜಿನ್‌ನಲ್ಲಿ ಕಣ್ಣಿಡಬೇಕಾದ ಜಾಗವೆಂದರೆ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿವನ್ನು ನಿಯಂತ್ರಿಸುವ ಕವಾಟ) ಮತ್ತು ವಾಟರ್ ಪಂಪ್ ಒಟ್ಟಿಗೆ ಕೂತಿರುವ ಪ್ಲಾಸ್ಟಿಕ್ ಗೂಡು, ಇನ್‌ಟೇಕ್ ಮ್ಯಾನಿಫೋಲ್ಡ್‌ನ ಕೆಳಗೆ. ವರ್ಷಗಟ್ಟಲೆ ಕಾದು ತಣ್ಣಗಾಗುತ್ತ ಆ ಪ್ಲಾಸ್ಟಿಕ್ ಬಾಗುತ್ತದೆ, ಸೀಲ್ ಗಟ್ಟಿಯಾಗುತ್ತದೆ, ಕೂಲೆಂಟ್ ಒಸರುತ್ತದೆ. ಶುರುವಿನಲ್ಲಿ ಒಂದು ಹನಿಯೂ ನೆಲಕ್ಕೆ ಬೀಳುವುದಿಲ್ಲ. ಬಿಸಿ ಲೋಹದ ಮೇಲೇ ಆರಿ ಗುಲಾಬಿ ಬಣ್ಣದ ಕಲೆ ಉಳಿಯುತ್ತದೆ, ಬಾನೆಟ್ ತೆರೆದಾಗ ಸಿಹಿ ವಾಸನೆ ಬರುತ್ತದೆ. ತಿಂಗಳಿಗೊಮ್ಮೆ, ಬೆಳಗ್ಗೆ ಎಂಜಿನ್ ತಣ್ಣಗಿರುವಾಗ, ಕೂಲೆಂಟ್ ಡಬ್ಬಿಯ ಮಟ್ಟದ ಫೋಟೊ ಹಿಡಿದಿಟ್ಟುಕೊಳ್ಳಿ. ಎರಡು ಮೂರು ಫೋಟೊಗಳಲ್ಲೇ ಇಳಿಕೆ ಗೊತ್ತಾಗುತ್ತದೆ. ಇಳಿದರೆ ಬೋರ್ ನೀರು ತುಂಬಿಸಿ ಸುಮ್ಮನಾಗಬೇಡಿ: ಗಡಸು ನೀರಿನ ಸುಣ್ಣ ರೇಡಿಯೇಟರ್‌ನ ಸಣ್ಣ ನಳಿಗೆಗಳಲ್ಲಿ ಕಟ್ಟುತ್ತದೆ, ಕೂಲೆಂಟ್‌ನಲ್ಲಿರುವ ತುಕ್ಕು ತಡೆಯುವ ಅಂಶವೂ ತೆಳುವಾಗುತ್ತದೆ. ಪ್ರೆಷರ್ ಟೆಸ್ಟ್ ಮಾಡಿಸಿದರೆ ಸೋರುವ ಜಾಗ ಸಿಗುತ್ತದೆ. ಸೀಲ್ ಒಂದನ್ನೇ ಬದಲಿಸುವ ಅಗ್ಗದ ದಾರಿ ಹೆಚ್ಚು ದಿನ ತಾಳುವುದಿಲ್ಲ. ಆ ಗೂಡನ್ನೇ ಪೂರ್ತಿ ಬದಲಿಸುವುದು ಒಳ್ಳೆಯದು.

ಎಂಜಿನ್ ಆಯಿಲ್‌ಗೆ ಕಂಪನಿ ಹೇಳುವ ಅವಧಿ 15,000 ಕಿ.ಮೀ. ಅಥವಾ ಒಂದು ವರ್ಷ. ಹೆದ್ದಾರಿ ಓಡಾಟಕ್ಕೆ ಅದು ಸರಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ದಿನಾ ಹೋಗಿಬರುವ ಗಾಡಿಗೆ ಅಲ್ಲ. ಸರಾಸರಿ ವೇಗ ಗಂಟೆಗೆ 18 ಕಿ.ಮೀ. ಇದ್ದರೆ 15,000 ಕಿ.ಮೀ. ಆಗಲು ಎಂಜಿನ್ 830 ಗಂಟೆಗೂ ಹೆಚ್ಚು ಓಡಿರುತ್ತದೆ. 50ರ ಸರಾಸರಿಯಲ್ಲಾದರೆ 300 ಗಂಟೆ. ಎಣ್ಣೆಗೆ ಓಡೋಮೀಟರ್ ಗೊತ್ತಿಲ್ಲ, ಅದು ಬೇಯುವುದು ಗಂಟೆಗಳ ಲೆಕ್ಕದಲ್ಲಿ. ನಗರದ ಗಾಡಿಗೆ 7,500ರಿಂದ 8,000 ಕಿ.ಮೀ.ಗೆ ಬದಲಿಸಿ. ಡಬ್ಬಿಯ ಮೇಲೆ ಬರೀ ‘0ಡಬ್ಲ್ಯು’, ‘5ಡಬ್ಲ್ಯು’ ಎಂಬ ಎಣ್ಣೆಯ ದಪ್ಪದ ಗುರುತು ನೋಡಿದರೆ ಸಾಲದು. ಗಾಡಿಯ ಕೈಪಿಡಿಯಲ್ಲಿ ಹೇಳಿರುವ ಫೋಕ್ಸ್‌ವ್ಯಾಗನ್ ಅನುಮೋದನೆಯ ಸಂಖ್ಯೆ ಡಬ್ಬಿಯ ಹಿಂಬದಿಯಲ್ಲೂ ಇರಬೇಕು.

ಈಗ ಹಿಂದಿನ ಚಕ್ರಗಳ ವಿಷಯಕ್ಕೆ ಬರೋಣ. ಗೇರ್ ಬಾಕ್ಸ್ ಪಕ್ಕದಲ್ಲಿ ಒಂದು ಬೆವೆಲ್ ಬಾಕ್ಸ್ ಇದೆ, ಅಡ್ಡಡ್ಡ ತಿರುಗುವ ಶಕ್ತಿಯನ್ನು ಅದು ಉದ್ದಕ್ಕೆ ತಿರುಗಿಸುತ್ತದೆ. ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್, ಅದರ ಕೊನೆಯಲ್ಲಿ ಐದನೇ ಪೀಳಿಗೆಯ ಹಾಲ್ಡೆಕ್ಸ್ ಕಪ್ಲಿಂಗ್ (ಮೊದಲು ಹೇಳಿದ ಕ್ಲಚ್ ಪ್ಯಾಕ್ ಇರುವುದು ಇದರಲ್ಲೇ), ಆಮೇಲೆ ಹಿಂದಿನ ಡಿಫರೆನ್ಷಿಯಲ್. ಹಾಲ್ಡೆಕ್ಸ್ ಒಳಗೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ತಟ್ಟೆಗಳಿವೆ. ಒಂದು ಪುಟ್ಟ ವಿದ್ಯುತ್ ಪಂಪ್ ಎಣ್ಣೆಯನ್ನು ಒತ್ತಿದರೆ ತಟ್ಟೆಗಳು ಬಿಗಿಯುತ್ತವೆ, ಹಿಂದಿನ ಚಕ್ರ ಎಳೆಯುತ್ತದೆ. ಒತ್ತಡ ಇಳಿದರೆ ಸಡಿಲವಾಗುತ್ತವೆ. ಕಂಪ್ಯೂಟರ್ ಚಕ್ರ ಜಾರುವವರೆಗೂ ಕಾಯುವುದಿಲ್ಲ. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ನೋಡಿ ಮೊದಲೇ ಬಿಗಿಯುತ್ತದೆ. ಆಗುಂಬೆಯ ಒದ್ದೆ ತಿರುವಿನಲ್ಲಿ ಗಾಡಿ ಗೂಟ ಹೊಡೆದಂತೆ ನಿಲ್ಲುವುದು ಈ ಮುಂದಾಲೋಚನೆಯಿಂದ.

ಇದರ ಮಿತಿಯೂ ಗೊತ್ತಿರಲಿ. ಎಡ ಬಲ ಚಕ್ರಗಳ ನಡುವೆ ಲಾಕ್ ಇಲ್ಲ. ಒಂದು ಚಕ್ರ ಗಾಳಿಯಲ್ಲಿ ತಿರುಗಿದರೆ ಅದಕ್ಕೆ ಬ್ರೇಕ್ ಹಾಕಿ ಶಕ್ತಿಯನ್ನು ಪಕ್ಕದ ಚಕ್ರಕ್ಕೆ ಕಳಿಸುತ್ತದೆ. ಕಾಫಿ ತೋಟದ ಕೆಸರಿನ ಏರಿನಲ್ಲಿ ಹತ್ತು ಸೆಕೆಂಡ್ ಇದು ಚೆನ್ನಾಗಿ ನಡೆಯುತ್ತದೆ. ಐದು ನಿಮಿಷ ಹಟ ಹಿಡಿದರೆ ಬ್ರೇಕು, ಹಾಲ್ಡೆಕ್ಸು, ಡಿಎಸ್‌ಜಿ ಕ್ಲಚ್ಚು ಮೂರೂ ಕಾದು, ತಮ್ಮನ್ನು ಉಳಿಸಿಕೊಳ್ಳಲು ಕೈಬಿಡುತ್ತವೆ. ಇದು ಜೀಪಲ್ಲ. ಹುಗಿದುಕೊಂಡರೆ ಇಳಿದು ಕಲ್ಲು ಹಾಕಿ.

ಕೆಡುವುದು ಎಲ್ಲಿ? ಕ್ಲಚ್ ತಟ್ಟೆಗಳು ಸವೆದಂತೆ ಅವುಗಳ ಕಪ್ಪು ಪುಡಿ ಎಣ್ಣೆಗೆ ಸೇರುತ್ತದೆ. ಈ ಪೀಳಿಗೆಯ ಹಾಲ್ಡೆಕ್ಸ್‌ನಲ್ಲಿ ಬದಲಿಸಬಹುದಾದ ಫಿಲ್ಟರ್ ಇಲ್ಲ, ಪಂಪ್‌ನ ಬಾಯಿಗೆ ಒಂದು ಸಣ್ಣ ಜಾಲರಿ ಮಾತ್ರ. ಪುಡಿ ಅಲ್ಲಿ ಕಟ್ಟಿಕೊಂಡರೆ ಪಂಪ್ ಎಣ್ಣೆ ಸಿಗದೆ ತಿಣುಕಾಡಿ ಕೊನೆಗೆ ಸುಟ್ಟುಹೋಗುತ್ತದೆ. ಅಲ್ಲಿಯವರೆಗೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತದೇ ಇರಬಹುದು. ಒದ್ದೆ ಏರಿನಲ್ಲಿ ನಿಂತಲ್ಲಿಂದ ಹೊರಡುವಾಗ ಮುಂಚಕ್ರಗಳು ಚೀರಿ, ಸ್ಟೀರಿಂಗ್ ಎಳೆದಾಡಿದರೆ ಅನುಮಾನ ಪಡಿ.

ಮೂರು ವರ್ಷಕ್ಕೊಮ್ಮೆ ಹಾಲ್ಡೆಕ್ಸ್ ಎಣ್ಣೆ ಬದಲಿಸಬೇಕು. ಮಲೆನಾಡಿನ ಗಾಡಿಗೆ ಎರಡು ವರ್ಷ ಸಾಕು ಎಂಬುದು ನನ್ನ ಅಭಿಪ್ರಾಯ. ಬರೀ ಎಣ್ಣೆ ಇಳಿಸಿ ತುಂಬಿದರೆ ಅರ್ಧ ಕೆಲಸ. ಪಂಪ್ ಹೊರತೆಗೆದು ಜಾಲರಿ ತೊಳೆಯಬೇಕು. ಗಾಡಿಯನ್ನು ಲಿಫ್ಟ್ ಮೇಲೆ ಸಮಮಟ್ಟದಲ್ಲಿ ನಿಲ್ಲಿಸಿ, ಮೊದಲು ಎಣ್ಣೆ ತುಂಬುವ ಪ್ಲಗ್ ಬಿಚ್ಚಬೇಕು. ಅದು ಬಿಚ್ಚಿಕೊಂಡ ಮೇಲೇ ಉಳಿದದ್ದು, ಇಲ್ಲವಾದರೆ ಎಣ್ಣೆ ಖಾಲಿ ಮಾಡಿ ಕೂತ ಮೇಲೆ ತುಂಬಲು ದಾರಿ ಇರುವುದಿಲ್ಲ. ಆಮೇಲೆ ಪಂಪ್‌ನ ವೈರ್ ಕನೆಕ್ಟರ್ ತೆಗೆದು, ಎರಡು ಬೋಲ್ಟ್ ಬಿಚ್ಚಿ ಪಂಪ್ ಎಳೆದರೆ ಎಣ್ಣೆಯೂ ಜೊತೆಗೇ ಬರುತ್ತದೆ. ಜಾಲರಿಯನ್ನು ಕ್ಲೀನರ್‌ನಲ್ಲಿ ತೊಳೆದು, ಹೊಸ ಓ-ರಿಂಗ್ ಹಾಕಿ ಕೂರಿಸಬೇಕು. ಹೊಸ ಎಣ್ಣೆಯನ್ನು ತುಂಬುವ ರಂಧ್ರದಿಂದ ಹೊರಚೆಲ್ಲುವವರೆಗೆ ಹಾಕಿ, ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್‌ನಿಂದ ಪಂಪ್ ಓಡಿಸಿ, ಮಟ್ಟವನ್ನು ಮತ್ತೊಮ್ಮೆ ನೋಡಬೇಕು. ಪಕ್ಕದಲ್ಲೇ ಹಿಂದಿನ ಡಿಫರೆನ್ಷಿಯಲ್‌ನ ಪ್ಲಗ್ ಇದೆ, ಅದರ ಎಣ್ಣೆಯೇ ಬೇರೆ. ಎರಡನ್ನೂ ಅದಲುಬದಲು ಮಾಡಿದರೆ ಕ್ಲಚ್ ಹಿಡಿತ ತಪ್ಪುತ್ತದೆ. ಬಿಲ್‌ನಲ್ಲಿ ‘ಗೇರ್ ಆಯಿಲ್’ ಎಂದು ಒಂದೇ ಸಾಲು ಕಂಡರೆ ಯಾವುದು ಎಂದು ಕೇಳಿ.

ಡಿಎಸ್‌ಜಿಯ ಎಣ್ಣೆ ಇನ್ನೊಂದು. ಇದರ ಜೋಡಿ ಕ್ಲಚ್‌ಗಳೂ ಎಣ್ಣೆಯಲ್ಲೇ ಮುಳುಗಿವೆ. ಎಣ್ಣೆಯ ಮಟ್ಟವನ್ನು ಎಂಜಿನ್ ಓಡುತ್ತಿರುವಾಗಲೇ, ನಿಗದಿತ ಉಷ್ಣಾಂಶದಲ್ಲಿ ಸ್ಕ್ಯಾನರ್ ನೋಡಿಕೊಂಡು ಅಳೆಯಬೇಕು. ಏರಿನ ಟ್ರಾಫಿಕ್‌ನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಲ್ಲೇ ಗಾಡಿಯನ್ನು ತಡೆದು ನಿಲ್ಲಿಸುವ ಅಭ್ಯಾಸ ಈ ಕ್ಲಚ್‌ಗಳ ಆಯುಷ್ಯ ತಿನ್ನುತ್ತದೆ. ಬ್ರೇಕನ್ನು ತಾನೇ ಹಿಡಿದಿಡುವ ಆಟೋ ಹೋಲ್ಡ್ ಒತ್ತಿಟ್ಟರೆ ಆಯಿತು.

ಟೈರ್ ವಿಷಯದಲ್ಲಿ ಜುಗ್ಗತನ ದುಬಾರಿ. 235/55 ಆರ್18 ಟೈರಿನ ಸುತ್ತಳತೆ ಸುಮಾರು 2.25 ಮೀಟರ್. ಮುಂದೆ ಸವೆದು 3 ಮಿ.ಮೀ. ಉಳಿದ ಟೈರು, ಹಿಂದೆ 8 ಮಿ.ಮೀ.ನ ಹೊಸ ಟೈರು ಹಾಕಿದರೆ ವ್ಯಾಸದಲ್ಲಿ 10 ಮಿ.ಮೀ. ವ್ಯತ್ಯಾಸ. ಪ್ರತಿ ಕಿಲೋಮೀಟರಿಗೆ ಮುಂಚಕ್ರ ಆರು ಸುತ್ತು ಹೆಚ್ಚು ತಿರುಗುತ್ತದೆ. ನೂರು ಕಿ.ಮೀ.ಗೆ ಆರುನೂರು ಸುತ್ತು. ಹಾಲ್ಡೆಕ್ಸ್ ಬಿಗಿದಾಗಲೆಲ್ಲ ಆ ವ್ಯತ್ಯಾಸವನ್ನು ತಟ್ಟೆಗಳೇ ಉಜ್ಜಿಕೊಂಡು ನುಂಗಬೇಕು, ಮತ್ತೆ ಅದೇ ಕಪ್ಪು ಪುಡಿ. ಮುಂಚಕ್ರಗಳು ಬೇಗ ಸವೆಯುವುದರಿಂದ 8,000ದಿಂದ 10,000 ಕಿ.ಮೀ.ಗೆ ಟೈರ್ ರೊಟೇಶನ್ ಮಾಡಿಸಿ, ಬದಲಿಸುವಾಗ ನಾಲ್ಕನ್ನೂ ಒಂದೇ ಕಂಪನಿ, ಒಂದೇ ಮಾದರಿಯದು ಹಾಕಿ. ಒಂದು ಟೈರ್ ಒಡೆದು ಹೊಸದೊಂದೇ ಹಾಕಬೇಕಾಗಿ ಬಂದರೆ, ಉಳಿದವುಗಳಿಗೂ ಅದಕ್ಕೂ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರದಿದ್ದರೆ ಮಾತ್ರ ಸರಿ.

ದಾರಿಯಲ್ಲಿ ಕೆಟ್ಟುನಿಂತರೆ ಮುಂಭಾಗ ಎತ್ತಿ ಹಿಂದಿನ ಚಕ್ರ ಉರುಳಿಸಿಕೊಂಡು ಹೋಗುವ ಕ್ರೇನ್ ಬೇಡ; ನಾಲ್ಕೂ ಚಕ್ರ ಮೇಲೇರಿಸಿಕೊಳ್ಳುವ ಫ್ಲಾಟ್‌ಬೆಡ್ ಬೇಕೆಂದು ಫೋನಿನಲ್ಲೇ ಹೇಳಿ.

ಹಳೆಯ ಗಾಡಿ ಕೊಳ್ಳುವವರು ಸರ್ವಿಸ್ ದಾಖಲೆಯಲ್ಲಿ ‘ಹಾಲ್ಡೆಕ್ಸ್’ ಎಂಬ ಪದ ಹುಡುಕಲಿ. ಮೂರು ವರ್ಷ ಮೀರಿದ ಗಾಡಿಯಲ್ಲಿ ಅದು ಇಲ್ಲದಿದ್ದರೆ ಪಂಪ್ ಬಿಚ್ಚಿ ನೋಡುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ನಾಲ್ಕೂ ಟೈರಿನ ಆಳ ಅಳೆದು, ಪಾರ್ಶ್ವದಲ್ಲಿ ಅಚ್ಚಾಗಿರುವ ತಯಾರಿಕೆಯ ವಾರ–ವರ್ಷ ಹೋಲಿಸಿ. ಬೇರೆ ಬೇರೆ ಕಂಪನಿಯ ಟೈರುಗಳಿದ್ದರೆ ಹಿಂದಿನ ಮಾಲೀಕರು ಇನ್ನೆಲ್ಲಿ ಉಳಿಸಲು ನೋಡಿರಬಹುದು ಎಂಬ ಸುಳಿವೂ ಅಲ್ಲಿದೆ. ಆಮೇಲೆ ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಎಂಟರ ಆಕಾರದಲ್ಲಿ ಓಡಿಸಿ: ಹಿಂದಿನಿಂದ ತಡೆದು ತಡೆದು ಬಿಟ್ಟಂತೆ ಕಂಪನ ಬಂದರೆ ಹಾಲ್ಡೆಕ್ಸ್ ಎಣ್ಣೆ ಹಳತಾಗಿರಬಹುದು, ಇಲ್ಲವೇ ತಪ್ಪು ಎಣ್ಣೆ ಬಿದ್ದಿರಬಹುದು. ಎಣ್ಣೆ ಬದಲಿಸಿ ಇನ್ನೂರು ಕಿ.ಮೀ. ಓಡಿಸಿದ ಮೇಲೂ ಅದು ಹೋಗದಿದ್ದರೆ ತಟ್ಟೆಗಳೇ ಕೆಟ್ಟಿರಬಹುದು.